ಕುಂಕುಮ ಇಟ್ಟ ಗಾಜು

ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ, ಅದರೊಳಗೇ ಕಾಫಿ ಘಮ — ಅಯ್ಯೋ, ನನಗೆ ಕಾಫಿ ಬೇರೆ ಮಾಡುತ್ತಿದ್ದಾರೆ ಈ ದಾಕ್ಷಾಯಣಮ್ಮ, ಅವರ ಮನೆ ಗೋಡೆಯ ಬಿರುಕು ನೋಡಿ ಹೋಗಲು ಬಂದ ಇಂಜಿನಿಯರಿಗೆ, ಕೂತ್ಕೊಳ್ಳಮ್ಮಾ ಪವಿತ್ರ, ಬಿಸ್ಲಲ್ಲಿ ಬಂದಿದ್ದೀಯ, ಹೊರಗೆ ಬನ್ನಿಮಂಟಪದ ರಸ್ತೆಯಡಿ ನಮ್ಮ ಯಂತ್ರ ಗುಂಯ್ ಎನ್ನುತ್ತಿದೆ, ಒಳಚರಂಡಿ ಪೈಪಿಗೆ ಸುರಂಗ ಕೊರೆಯುವ ಯಂತ್ರ, ನೆಲ ನಡುಗುತ್ತಿದೆ, ಹೋದ ತಿಂಗಳು ಇಲ್ಲೇ ನಿಂತು ಎಷ್ಟು ಜಂಭದಿಂದ ಹೇಳಿದೆ, ಹಳ್ಳ ತುಂಬಿಸಿದ ಜಾಗ ಅಂತ ನಿಮ್ಮ ಯಜಮಾನ್ರು ಆಳಕ್ಕೆ ಪೈಲ್ ಕಂಬ ಇಳಿಸಿ ಕಟ್ಟಿಸಿದ್ದಾರೆ, ಏನೂ ಆಗಲ್ಲ ಅಮ್ಮಾ — ಆಗುತ್ತದೆ, ಗೊತ್ತಿತ್ತು ನನಗೆ, ಪಕ್ಕದಲ್ಲಿ ಸುರಂಗ ಹೋದರೆ ಮಣ್ಣು ಸಡಿಲವಾಗುತ್ತದೆ, ಕಂಬವನ್ನು ಹಿಡಿದ ಬಿಗಿ ಹೋಗುತ್ತದೆ, ಅಕ್ಕಿ ಲೋಟದಲ್ಲಿ ನೆಟ್ಟ ಊದಿನಕಡ್ಡಿಯ ಪಕ್ಕ ಒಂದು ಹಿಡಿ ತೆಗೆದ ಹಾಗೆ, ಕಂಬ ಕುಸಿಯುತ್ತದೆ, ಜೊತೆಗೆ ಮನೆಯ ಮೂಲೆಯೂ, ಅದಕ್ಕೇ ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿದ್ದು, ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ, ಒಡೆದರೆ ಕೆಲಸ ನಿಲ್ಲಿಸಿ ಮನೆ ಖಾಲಿ ಮಾಡಿಸಬೇಕು, ಹೇಳಿದೆನಾ ಇವರಿಗೆ ಅಷ್ಟನ್ನು, ಇಲ್ಲ, ಇದು ಮನೆ ಕಾಯುತ್ತೆ ಅಂದೆ, ಥೂ ನನ್ನ ಜನ್ಮಕ್ಕೆ.

ಕಾಯುತ್ತೆ ಅಂದದ್ದಕ್ಕೆ ಆಯುಧಪೂಜೆಯಲ್ಲಿ ಅದಕ್ಕೂ ಪೂಜೆ ಮಾಡಿದ್ದಾರೆ ಪಾಪ, ಈಗ ನೋಡಿದರೆ ಗಾಜು ಎರಡಾಗಿದೆ, ತಪ್ಪಾಗೋಯ್ತು ಕಣಮ್ಮ, ಹಬ್ಬಕ್ಕೆ ಅಂತ ಒತ್ತಿ ಒರೆಸ್ಬುಟ್ಟೆ, ನನ್ನ ಕೈಯಿಂದ್ಲೇ ಸೀಳೋಯ್ತು, ನಿನಗೆ ಆಫೀಸಲ್ಲಿ ಬೈತಾರೇನೋ — ನನಗೆ ಬೈತಾರಂತೆ, ಎಲ್ಲಿ ಮುಖ ಇಟ್ಟುಕೊಳ್ಳಲಿ, ಒರೆಸಿದ ಮೇಲೆ ತಾನೇ ಕುಂಕುಮ ಇಟ್ಟದ್ದು, ಸೀಳು ಬೊಟ್ಟಿನ ನಡುವೆಯೇ ಹಾಯ್ದಿದೆ, ಅರ್ಧ ಬೊಟ್ಟು ಮೇಲೆ, ಇನ್ನರ್ಧ ಕೂದಲೆಳೆಯಷ್ಟು ಕೆಳಗೆ, ಇದು ಇವರ ಕೈ ಮಾಡಿದ್ದಲ್ಲ, ಗೋಡೆಯೇ ಅಲುಗಿದೆ, ಆದರೆ ನಮ್ಮ ಮೇಲಧಿಕಾರಿ ಮಹದೇವಸ್ವಾಮಿ ಬೆಳಿಗ್ಗೆ ಫೋನಿನಲ್ಲಿ, ಕೆಲಸ ಒಂದು ದಿನ ನಿಂತ್ರೂ ನೀನು ಬೇರೆ ಕಡೆ ನೋಡ್ಕೋ ಅಂತ, ಈಗ ದಾಕ್ಷಾಯಣಮ್ಮ ಲೋಟ ಹಿಡಿದು ಬಂದರು, ಸಣ್ಣ ದನಿಯಲ್ಲಿ ಕೇಳುತ್ತಿದ್ದಾರೆ, ಮಗಳೂ ಕೂಸೂ ಆ ಮೂಲೆ ಕೋಣೇಲೇ ಮಲಗೋದು ಕಣಮ್ಮ, ಅಶೋಕಪುರಂಗೆ ತಂಗಿ ಮನೆಗೆ ಕಳಿಸ್ಬುಡೋಣ ಅಂತಿದ್ದೆ, ಗಾಜು ನಾನೇ ಒಡೆದದ್ದು ಅಂದ್ಮೇಲೆ ಭಯ ಇಲ್ಲ ಅಲ್ವಾ — ಬಾಯಿ ಬಿಡೇ ಪವಿತ್ರ, ಕಳಿಸಿ ಅನ್ನು, ಈಗಲೇ, ಈ ಗಳಿಗೆ ಕಳಿಸಿ ಅನ್ನು, ಭಯ ಇಲ್ಲ ಅಮ್ಮಾ, ಇಲ್ಲೇ ಇರ್ಲಿ, ಬೇರೆ ಗಾಜು ಅಂಟಿಸ್ತೀನಿ, ಅಂದದ್ದು ನಾನೇ, ಅವರ ಮುಖ ಅರಳಿತು, ಸದ್ಯ, ಒಳ್ಳೇದಾಗ್ಲಿ ನಿನಗೆ, ಕೈಯಲ್ಲಿ ಲೋಟ ಸುಡುತ್ತಿದೆ, ಬಾಗಿಲಾಚೆ ಕೂಸು ಆಕಳಿಸಿತು, ಗೋಡೆಯ ಮೇಲೆ ಬೊಟ್ಟು, ಅರ್ಧ ಮೇಲೆ, ಅರ್ಧ ಕೆಳಗೆ, ಅರ್ಧ ಕೆಳಗೆ