ಅಪ್ಪನ ಪಾಲು

ಬೆಳಗಾವಿಯಿಂದ ಗಾಡಿ ಬಾಡಿಗೆ ನಾಲ್ಕು ಸಾವಿರ, ಹೆಸರು ಕೆತ್ತಿಸಿದ ಕಲ್ಲಿಗೆ ಮೂರು ಸಾವಿರ, ಒಂದು ಚೀಲ ಸಿಮೆಂಟಿಗೆ ನಾನೂರು. ಖಾನಾಪುರದ ಅಡವಿ ಅಂಚಿನಲ್ಲಿ ಇಳಿಸುವಾಗ ಭರಮವ್ವನ ಹೆಣಕ್ಕೆ ಇಬ್ಬರು ಸಾಕಾದರು, ಕಲ್ಲಿಗೆ ನಾಲ್ವರು ಬೇಕಾದರು.

“ಈ ಕಲ್ಲು ಅವ್ವಗೇನು?” ಜೊತೆಗೆ ಬಂದಿದ್ದ ಹೀರಾಬಾಯಿ ಕೇಳಿದರು. ಬೆಳಗಾವಿಯ ಹಿಂದವಾಡಿಯ ಅವರ ಮನೆಯಲ್ಲಿ ಭರಮವ್ವನ ಮಗಳು ಸತ್ಯವ್ವ ಅಡುಗೆಗಿದ್ದಳು; ಕಡೆಗಾಲದಲ್ಲಿ ಭರಮವ್ವ ಮಗಳ ಹತ್ತಿರವೇ ಇದ್ದಳು.

“ಅಲ್ರೀ ಬಾಯಾರ, ಅಪ್ಪಗ,” ಎಂದ ಸತ್ಯವ್ವನ ತಮ್ಮ ಮುತ್ತಪ್ಪ. “ನಾಳೆ ಜಾಗಾ ಅಳ್ಯಾಕ ಅರಣ್ಯದವರ ಜೋಡಿ ಮೋಜಣಿಯವರು ಬರ್ತಾರ. ಸಿದ್ದಿ ಮಂದಿ ಮೊದಲಿಂದ ಇಲ್ಲೇ ಇದ್ರು ಅನ್ನಾಕ ಹಳೇ ಸಮಾಧಿ ತೋರಿಸ್ಬೇಕಂತ. ಹೋದ ಸಲ ಬಳ್ಳಿ ತೋರಿಸಿದ್ವಿ. ನಕ್ಕೊಂತ ಹೋದ್ರು.”

ಅವರ ಮನೆತನದಲ್ಲಿ ಹೂಳಿದ ಜಾಗಕ್ಕೆ ಕಲ್ಲು ಇಡುತ್ತಿರಲಿಲ್ಲ, ಅಡವಿ ಗೆಡ್ಡೆಯ ಚಿಗುರುವ ತಲೆ ನೆಡುತ್ತಿದ್ದರು. ಆ ಬಳ್ಳಿ ಸತ್ತವರ ಪಾಲು. ಎಂಥ ಹಸಿವಿದ್ದರೂ ಅದನ್ನು ಯಾರೂ ಅಗೆಯುತ್ತಿರಲಿಲ್ಲ.

*

ಸಾಗವಾನಿ ನೆಡಬೇಕೆಂದು ಅರಣ್ಯ ಇಲಾಖೆಯವರು ಗುಡಿಸಲುಗಳಿಗೆ ಬೆಂಕಿ ಇಟ್ಟಾಗ ಸತ್ಯವ್ವ ಸಣ್ಣವಳು, ಮುತ್ತಪ್ಪ ಅವ್ವನ ಬಗಲಲ್ಲಿ. ಅಡ್ಡ ನಿಂತ ಅಪ್ಪ ಪರಸ್ಯಾನ ತಲೆಗೆ ಲಾಠಿ ಬಿತ್ತು. ಮರುದಿನ ಸತ್ತ. ಮರದಿಂದ ಬಿದ್ದನೆಂದು ಇಲಾಖೆಯವರು ಬರೆದುಕೊಂಡರು. ಹೆದರಿದ ಜನ ಅವಸರದಲ್ಲಿ ಮೊಣಕಾಲಿನಷ್ಟೇ ಆಳದ ಕುಣಿ ತೋಡಿ ಹೂಳಿದರು. ಅವನೇ ಅಗೆದು ತಂದಿದ್ದ ಗೆಡ್ಡೆ ಬೂದಿಯಲ್ಲಿ ಅರೆ ಬೆಂದಿತ್ತು. ಭರಮವ್ವ ಬೆಂದದ್ದನ್ನು ಮಕ್ಕಳಿಗೆ ಕೊಟ್ಟಳು, ಹಸಿಯಾಗಿ ಉಳಿದ ತಲೆಯನ್ನು ಗಂಡನ ಮೇಲೆ ನೆಟ್ಟಳು.

*

“ನಾವು ಜೈನರು ಗಡ್ಡಿ ತಿನ್ನೂದಿಲ್ಲ, ಭರಮವ್ವ,” ಎಂದಿದ್ದರು ಹೀರಾಬಾಯಿ ಒಮ್ಮೆ ಹಿಂದವಾಡಿಯ ಅಡುಗೆಮನೆಯಲ್ಲಿ. “ಬೇರು ಕಿತ್ತರ ಜೀವಾನ ಹೋಗ್ತೈತಿ.”

“ನಾವು ತಲಿ ತಿರುಗಿ ಮಣ್ಣಿಗೆ ಕೊಡ್ತೀವ್ರಿ. ನೀವು ತಿನ್ನೂದಿಲ್ಲ, ನಾವು ಮುಗಸೂದಿಲ್ಲ. ಸಮ ಆತು ನೋಡ್ರಿ.”

ಇಬ್ಬರೂ ನಕ್ಕಿದ್ದರು.

*

ಭರಮವ್ವನನ್ನು ಗಂಡನ ಮಗ್ಗುಲಲ್ಲಿ ಮಲಗಿಸಿ ಮಣ್ಣು ಮುಚ್ಚಿದರು. ಮುತ್ತಪ್ಪ ಗುದ್ದಲಿ ಹಿಡಿದು ಅಪ್ಪನ ಬಳ್ಳಿಯ ಕಡೆ ತಿರುಗಿದ.

“ಅದನ್ನ ಬಿಟ್ಟು ಬಾಜೂಕ ನಿಲ್ಲಸೋ,” ಎಂದಳು ಸತ್ಯವ್ವ.

“ಒಂದ್ ಬಾಜು ಅವ್ವ, ಇನ್ನೊಂದ್ ಬಾಜು ಬಂಡೆಗಲ್ಲು. ಗಡ್ಡಿ ತಗೀಲಾರದ ಕಲ್ಲು ಕುಂದ್ರಂಗಿಲ್ಲ.”

“ಅಪ್ಪನ ಪಾಲು ಅದು.”

“ನನ್ನ ಮಕ್ಕಳ ಪಾಲು ಯಾವುದು, ಅಕ್ಕಾ? ಹಕ್ಕಪತ್ರ ಸಿಗಲಿಲ್ಲಂದ್ರ ಮನಿ ಮತ್ತ ಕೀಳತಾರ. ನೀ ಹಿಂದವಾಡ್ಯಾಗ ಚಪಾತಿ ಲಟ್ಟಿಸಿಕೊಂತ ಇರ್ತಿ. ಮಾತಾಡಾಕ ಏನ ಹೋಗ್ತೈತಿ.”

“ನಿಮ್ಮವ್ವ ಇದಕ್ಕ ಒಪ್ತಿದ್ದಿಲ್ಲಪಾ,” ಎಂದರು ಹೀರಾಬಾಯಿ ಮೆಲ್ಲಗೆ.

“ನೀವು ಗಡ್ಡಿ ಬಿಟ್ರ ನಿಮಗ ಪುಣ್ಯಾ ಬರ್ತೈತ್ರಿ, ಬಾಯಾರ. ನಾವು ಬಿಟ್ರ ಜಾಗಾ ಹೋಗ್ತೈತಿ.”



ಸತ್ಯವ್ವ ತಮ್ಮನ ಕೈಯಿಂದ ಗುದ್ದಲಿ ಕಸಿದುಕೊಂಡಳು. ಬೀಸಿ ಒಗೆಯುತ್ತಾಳೆಂದು ಜನ ತಿಳಿದರು. ಅವಳು ಸೆರಗು ಸಿಕ್ಕಿಸಿ ಬಳ್ಳಿಯ ಬುಡಕ್ಕೆ ಕುಳಿತಳು.

“ಸರಿ ಅತ್ಲಾಗ. ನಾ ಹೆಂಗೂ ಊರು ಬಿಟ್ಟಾಕಿ. ಜಾಗಾ ನಿನಗಿರ್ಲಿ, ಪಾಪ ನನಗಿರ್ಲಿ.”

ಮಣ್ಣು ಬಿಡಿಸುತ್ತ ಹೋದಂತೆ ಗೆಡ್ಡೆ ತೊಡೆಯಷ್ಟು ದಪ್ಪ ಕಂಡಿತು. ಅಲುಗಾಡಿಸಿದರೂ ಬರಲಿಲ್ಲ. ಅವಳು ಬೆರಳುಗಳಿಂದ ಕೆರೆದಳು. ಕೆಳಗೆ ಅಪ್ಪನ ತಲೆಬುರುಡೆ ಇತ್ತು. ಅದರ ಎಡಬದಿಯ ದೊಡ್ಡ ಸೀಳಿನೊಳಗೆ ಗೆಡ್ಡೆ ಇಳಿದು ತುಂಬಿಕೊಂಡಿತ್ತು.

ಮುತ್ತಪ್ಪ ಬಗ್ಗಿ ಆ ಸೀಳನ್ನು ಮುಟ್ಟಿದ. “ಅಕ್ಕಾ, ಇದನ್ನ ತೋರಸೂಣು.”

“ಯಾರಿಗೆ? ಹೊಡದವರ ಆಫೀಸಿಗೇನು?”

ಗೆಡ್ಡೆಯನ್ನೂ ಬುರುಡೆಯನ್ನೂ ಬೇರೆ ಮಾಡಲು ಸತ್ಯವ್ವ ಯಾರನ್ನೂ ಬಿಡಲಿಲ್ಲ. ಬಳ್ಳಿಯನ್ನಷ್ಟೇ ಕೊಯ್ದು, ಕುಣಿಯನ್ನು ಇನ್ನಷ್ಟು ತೋಡಿ ಎರಡನ್ನೂ ಒಟ್ಟಿಗೇ ಆಳಕ್ಕೆ ಇಳಿಸಿ, ಮಣ್ಣು ಎಳೆದು ತುಳಿದಳು. ಮುತ್ತಪ್ಪ ಸಿಮೆಂಟು ಕಲಸಿದ, ಅವಳು ನೀರು ಹೊಯ್ದಳು.

ಕಲ್ಲು ನೆಟ್ಟಗೆ ನಿಂತಿತು. ಪರಸ್ಯಾ ಸಿದ್ದಿ ಎಂಬ ಹೆಸರೂ ಸತ್ತ ಇಸವಿಯೂ ಅದರ ಮೇಲಿದ್ದವು. ಹೇಗೆ ಸತ್ತನೆಂಬುದಕ್ಕೆ ಇದ್ದ ಒಂದೇ ಸಾಕ್ಷಿ ಅದರ ಕೆಳಗೆ ಹೋಯಿತು.