ಎಡಗಡೆಯ ಹೆಡ್‌ಲೈಟು

ಭಾನುವಾರದ ಕೆಲಸವನ್ನು ಕಲ್ಯಾಣಪ್ಪ ಹೀಗೆ ಗೊತ್ತುಮಾಡಿಕೊಂಡಿದ್ದ: ಏಳಕ್ಕೆ ಕಾರಿನ ಎರಡೂ ಹೆಡ್‌ಲೈಟುಗಳನ್ನು ಸೋಪಿನ ನೀರಿನಿಂದ ತೊಳೆಯುವುದು, ಏಳೂಕಾಲಿಗೆ ಸುತ್ತಲಿನ ಬಣ್ಣಕ್ಕೆ ಗೀರು ಬೀಳದಂತೆ ಟೇಪು ಅಂಟಿಸುವುದು, ಏಳೂವರೆಯಿಂದ ವಾಟರ್ ಪೇಪರೆಂಬ ಮರಳುಕಾಗದದಲ್ಲಿ ಉಜ್ಜುವುದು, ಮೊದಲು ಒರಟು, ಆಮೇಲೆ ನಯ, ಕೊನೆಗೆ ಅತಿ ನಯ, ಹತ್ತಕ್ಕೆ ಪಾಲಿಶ್, ಹನ್ನೊಂದಕ್ಕೆ, ಬಿಸಿಲು ಕಾರಿನ ಮೂತಿಗೆ ತಾಗುವ ಮೊದಲು, ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ. ಸೋಮವಾರ ಹತ್ತಕ್ಕೆ ಸಾರಿಗೆ ಕಚೇರಿ.

ಗಾಡಿಗೆ ಹದಿನೈದು ವರ್ಷ ತುಂಬಿತ್ತು, ತಪಾಸಣೆಯಲ್ಲಿ ಪಾಸಾದರೆ ಮಾತ್ರ ನೋಂದಣಿ ಮುಂದುವರಿಯುತ್ತಿತ್ತು. ಬೆಳಕು ಸಾಲದೆಂದು ಇನ್‌ಸ್ಪೆಕ್ಟರು ಅದನ್ನು ಒಮ್ಮೆ ವಾಪಸು ಕಳಿಸಿದ್ದರು. ಇನ್ನೊಮ್ಮೆ ವಾಪಸಾದರೆ ಗುಜರಿಗೆ ಕೊಟ್ಟುಬಿಡುತ್ತೇನೆಂದು ಕಲ್ಯಾಣಪ್ಪ ಕಲಬುರಗಿಯಲ್ಲಿರುವ ಮಗಳು ಪಿಂಕಿಗೆ ಮಾತು ಕೊಟ್ಟಿದ್ದ. ಹೊಸ ಹೆಡ್‌ಲೈಟು ಹಾಕಿಸಿದರೆ ಒಂದು ಗಂಟೆಯ ಕೆಲಸ ಎಂದು ಮೆಕ್ಯಾನಿಕ್ ಹೇಳಿದ್ದ. ಅದು ನಿಜವೂ ಆಗಿತ್ತು. ಆದರೆ ಎಡಗಡೆಯ ಗಾಜಿನ ಮೇಲೆ ಹೆಂಡತಿ ಪ್ರೇಮಾಳ ಕೈಗುರುತು ಇತ್ತು.

ಗಾಜೆಂದು ಕರೆದರೂ ಅದು ಪ್ಲಾಸ್ಟಿಕ್ಕು. ಪ್ರತಿ ಆಯುಧ ಪೂಜೆಗೆ ಪ್ರೇಮಾ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳಿನಿಂದ ಎರಡೂ ಹೆಡ್‌ಲೈಟಿಗೆ ಅಡ್ಡಪಟ್ಟೆ ಎಳೆಯುತ್ತಿದ್ದಳು. ಮರುದಿನ ಒಣಗಿ ಹಿಡಿದ ವಿಭೂತಿಯನ್ನು ಪಾತ್ರೆ ತಿಕ್ಕುವ ಪುಡಿ ಹಾಕಿ, ತೆಂಗಿನ ನಾರಿನಿಂದ, ಪಟ್ಟೆ ಹೋದ ದಾರಿಯಲ್ಲೇ ತಿಕ್ಕಿ ತೆಗೆಯುತ್ತಿದ್ದಳು. ಹೈದರಾಬಾದಿನ ನಾಚಾರಂನ ಕಾರ್ಖಾನೆಯಲ್ಲಿ ಕೂದಲೆಳೆಯ ಗೀರಿಗೂ ಮಾಲನ್ನು ತಿರಸ್ಕರಿಸುವ ತಪಾಸಕ ಕಲ್ಯಾಣಪ್ಪ. ಪ್ರತಿ ವರ್ಷವೂ ಅವನು ಬೇಡವೆಂದ. ಪ್ರತಿ ವರ್ಷವೂ ಅವಳು, ನಿಮ್ಮ ಕಾರ್ಖಾನೆ ನಿಮಗೆ, ನನ್ನ ಪೂಜೆ ನನಗೆ ಎಂದಳು. ಹದಿಮೂರು ದಸರೆಗಳಲ್ಲಿ ಮೂರು ಪಟ್ಟೆಗಳು ಅಲ್ಲಿ ಬಿಳಿಯಾಗಿ ಕೊರೆದು ನಿಂತವು. ಬಲಗಡೆಯದನ್ನು ಮೆಹದಿಪಟ್ಟಣಂನಲ್ಲಿ ಒಂದು ಆಟೋ ಒಡೆದುಹಾಕಿ, ಅದನ್ನು ಆಗಲೇ ಬದಲಿಸಿಯಾಗಿತ್ತು, ಎಡಗಡೆಯದು ಉಳಿದಿತ್ತು. ಪ್ರೇಮಾ ಹೋಗಿ ಹದಿನಾಲ್ಕು ತಿಂಗಳಾಗಿತ್ತು.

ಅವನಿಗೆ ಎರಡೂ ಬೇಕಾಗಿತ್ತು: ಗಾಡಿ ಪಾಸಾಗಬೇಕು, ಪಟ್ಟೆಗಳು ಗಾಡಿಯ ಮೇಲೇ ಇರಬೇಕು. ಅದಕ್ಕೆ ಲೆಕ್ಕ ಹಾಕಿಯೇ ಕೂತಿದ್ದ. ಮೂರು ಪಟ್ಟೆ ಸೇರಿದರೆ ಗಾಜಿನ ಆರನೆಯ ಒಂದು ಭಾಗ. ಉಳಿದ ಐದು ಭಾಗದ ಹಳದಿ ಮಬ್ಬು ಪೂರ್ತಿ ಹೋದರೆ ಬೆಳಕು ಸಾಕು.

ಬಲಗಡೆಯದು ನಲವತ್ತು ನಿಮಿಷದಲ್ಲಿ ಮುಗಿಯಿತು. ಎಡಗಡೆಗೆ ಬಂದಾಗ ಒರಟು ಕಾಗದವನ್ನು ದೂರ ಇಟ್ಟು, ನಯವಾದದ್ದನ್ನು ಪೆನ್ಸಿಲ್ಲಿನ ತುದಿಗೆ ಸುತ್ತಿಕೊಂಡು, ಪಟ್ಟೆಗಳ ನಡುವಿನ ಸಂದುಗಳಲ್ಲಿ ನೀರು ಬಿಡುತ್ತಾ ತಿಕ್ಕತೊಡಗಿದ.

ಎದುರು ಮನೆಯ ಯಮುನಾಬಾಯಿ ಜೋಳದ ರೊಟ್ಟಿ ಸುತ್ತಿಕೊಂಡು ಬಂದವಳು ಸ್ವಲ್ಪ ಹೊತ್ತು ನೋಡುತ್ತಾ ನಿಂತಳು.

"ಅಲ್ರೀ ಅಣ್ಣಾರ, ಗಾಡಿ ಮಾರಿ ಇಷ್ಟ್ ತಿಕ್ಕಾಕತ್ತೀರಿ, ನಿಮ್ಮ ಮಾರಿ ಕನ್ನಡ್ಯಾಗ ನೋಡ್ಕೊಂಡು ಎಷ್ಟ್ ದಿನ ಆತ್ರಿ?"

ಕಲ್ಯಾಣಪ್ಪ ಒದ್ದೆ ಕೈಯಿಂದಲೇ ಗಡ್ಡ ಮುಟ್ಟಿಕೊಂಡ.

"ಈ ಪಟ್ಟಿ ಯಾಕ್ ಬಿಟ್ರಿ? ಅವೂ ತಿಕ್ರಿ."

"ಅವು ಇರ್ಲಿ ಬಿಡ್ರಿ, ಅಕ್ಕಾರ."

ಅವಳು ಬಗ್ಗಿ ನೋಡಿದಳು. ಅವು ಯಾರ ಕೈಯವೆಂದು ಗುರುತು ಹಿಡಿದಳು.

"ಪ್ರೇಮಾ ಇದ್ದಿದ್ರ," ಎಂದಳು ನೆಟ್ಟಗಾಗುತ್ತಾ, "ನಿಮಗೂ ಅದ ಪುಡಿ ಹಚ್ಚಿ ತಿಕ್ಕತಿದ್ಲು."

ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು.

ಪಾಲಿಶ್ ಮುಗಿದ ಮೇಲೆ ಬೆಳಕನ್ನು ನೋಡಬೇಕಾಗಿತ್ತು. ಮೊದಲೆಲ್ಲ ಪ್ರೇಮಾ ಕಾರಿನೊಳಗೆ ಕೂತು, ಅವನು ಹಾಕು ಎಂದರೆ ಹಾಕುತ್ತಿದ್ದಳು, ಆರಿಸು ಎಂದರೆ ಆರಿಸುತ್ತಿದ್ದಳು, ನಡುನಡುವೆ ಬೇಕೆಂದೇ ಹಾರ್ನ್ ಒತ್ತುತ್ತಿದ್ದಳು. ಈಗ ಅವನೇ ಬಾಗಿಲು ತೆಗೆದು ಗುಂಡಿ ತಿರುಗಿಸಿ, ಮುಂದೆ ಬಂದು ನೋಡಿ, ಮತ್ತೆ ಹಿಂದೆ ಹೋಗಿ ಆರಿಸಿದ. ಹಾಗೆ ಆರು ಸಲ ಓಡಾಡಿದ. ಷೆಡ್ಡಿನ ಗೋಡೆಯ ಮೇಲೆ ಎರಡು ಬೆಳಕೂ ಹೆಚ್ಚುಕಡಿಮೆ ಸಮವಾಗಿ ಬಿದ್ದಿದ್ದವು. ಎಡಗಡೆಯ ಬೆಳಕಿನಲ್ಲಿ ಮಾತ್ರ ಮೂರು ತೆಳು ನೆರಳುಗಳು. ಲೆಕ್ಕ ತಪ್ಪಿರಲಿಲ್ಲ.

ಉಳಿದದ್ದು ಕ್ಲಿಯರ್ ಕೋಟ್. ಅದನ್ನು ಬಿಡುವಂತಿರಲಿಲ್ಲ, ಮೇಲ್ಪದರ ಕಳೆದುಕೊಂಡ ಪ್ಲಾಸ್ಟಿಕ್ಕು ಹೈದರಾಬಾದಿನ ಒಂದೇ ಬೇಸಿಗೆಗೆ ಮತ್ತೆ ಹಳದಿಯಾಗುತ್ತದೆ. ಡಬ್ಬಿಯನ್ನು ಎರಡು ನಿಮಿಷ ಅಲುಗಾಡಿಸಿ, ಒಂದು ಗೇಣು ದೂರದಿಂದ, ಎಡದಿಂದ ಬಲಕ್ಕೆ ಸಿಂಪಡಿಸಿದ.

ಮೇಲಿನ ಪಟ್ಟೆ ಮಾಯವಾಯಿತು.

ಏನಾಯಿತೆಂದು ತಿಳಿಯುವಷ್ಟರಲ್ಲಿ ಅವನ ಕೈ ರೂಢಿಯಂತೆ ಇನ್ನೆರಡು ಸಾಲು ಎಳೆದುಬಿಟ್ಟಿತ್ತು. ಗಾಜು ಹೊಸದರಂತೆ ಹೊಳೆಯುತ್ತಿತ್ತು. ಕಾರಣ ಅವನಿಗೆ ಆ ಕ್ಷಣವೇ ಹೊಳೆಯಿತು: ಗೀರು ಬಿಳಿಯಾಗಿ ಕಾಣುವುದು ಅದರೊಳಗೆ ಗಾಳಿ ಇರುವುದರಿಂದ. ದ್ರವ ಆ ಜಾಗವನ್ನು ತುಂಬಿದರೆ ಬೆಳಕು ಎಲ್ಲಿಯೂ ಚದುರದೆ ನೇರವಾಗಿ ದಾಟಿಹೋಗುತ್ತದೆ. ಹತ್ತನೆಯ ತರಗತಿಯ ಪಾಠ. ಉಜ್ಜುವ ಪ್ರತಿ ಹಂತಕ್ಕೂ ಲೆಕ್ಕ ಹಾಕಿದವನು ಈ ಹಂತಕ್ಕೆ ಹಾಕಿರಲಿಲ್ಲ.

ಒಣಗಲು ಹತ್ತು ನಿಮಿಷ. ಅಷ್ಟರೊಳಗೆ ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಪದರ ಬಿಟ್ಟುಬರುತ್ತದೆ. ಜೊತೆಗೆ ಪ್ಲಾಸ್ಟಿಕ್ಕು ಬಿರುಕೊಡೆದು ಇಡೀ ಗಾಜು ಮಂಜಾಗುತ್ತದೆ; ನಾಳೆ ಗಾಡಿ ಪಾಸಾಗುವುದಿಲ್ಲ. ಗುಜರಿಗೆ ಹೋದರೆ ಪಟ್ಟೆಗಳೂ ಅದರೊಂದಿಗೆ ಹೋಗುತ್ತವೆ. ಕಲ್ಯಾಣಪ್ಪ ಬಟ್ಟೆಯನ್ನು ಒದ್ದೆ ಮಾಡಿಕೊಂಡ. ಥಿನ್ನರಿನ ವಾಸನೆ ಮೂಗಿಗೆ ಹತ್ತಿತು. ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಸೊಳ್ಳೆ ಹಸಿ ಪದರದ ಮೇಲೆ ಕೂರಲು ಬಂದಾಗ ಅದೇ ಬಟ್ಟೆಯಿಂದ ಅದನ್ನು ಓಡಿಸಿದ. ಹತ್ತು ನಿಮಿಷ ಕಳೆಯಿತು. ಬಟ್ಟೆ ಅವನ ಕೈಯಲ್ಲೇ ಆರಿತು.

ಸೋಮವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರು ಎರಡೂ ದೀಪ ಹಾಕಿಸಿ ನೋಡಿ, ತೆಲುಗಿನಲ್ಲಿ ಹೊಸದು ಹಾಕಿಸಿದಿರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಹಿ ಮಾಡಿದರು. ಪಿಂಕಿಗೆ ಫೋನ್ ಮಾಡಿ ಗಾಡಿ ಪಾಸಾಯಿತೆಂದು ತಿಳಿಸಿದ. ಅವಳು ಇನ್ನಾದರೂ ನಿಧಾನ ಓಡಿಸಿ ಎಂದಳು.

ಸಂಜೆ ಷೆಡ್ಡಿನಲ್ಲಿ ಕಾರ್ಖಾನೆಯ ಭೂತಗನ್ನಡಿ ಹಿಡಿದು, ಟಾರ್ಚನ್ನು ಮೇಲಿನಿಂದ, ಕೆಳಗಿನಿಂದ, ಎರಡೂ ಬದಿಯಿಂದ ಓರೆಯಾಗಿ ಬಿಟ್ಟು ಎಡಗಡೆಯ ಗಾಜನ್ನು ತಪಾಸಣೆ ಮಾಡಿದ. ಕೊನೆಗೆ ಕಣ್ಣು ಮುಚ್ಚಿ ಮೂರು ಬೆರಳನ್ನು ಅಡ್ಡಲಾಗಿ ಎಳೆದು ನೋಡಿದ. ಗೀರುಗಳು ಪದರದ ಅಡಿಯಲ್ಲಿ ಹಾಗೆಯೇ ಇವೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುವುದಿಲ್ಲ.