ಹುಳದ ಮನೆಯ ಬಾಗಿಲು

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೋ ಏನೋ, ಅಂಬರೀಶನಿಗೆ ಅವ್ವ ನೆನಪಾಗುತ್ತಿದ್ದಳು. ಅವನು ಚಿಕ್ಕವನಿದ್ದಾಗ ಮನೆಯ ನಡುಕೋಣೆಯಲ್ಲೇ ರೇಷ್ಮೆಹುಳ ಸಾಕುತ್ತಿದ್ದರು. ಬಾಗಿಲಿಗೆ ಅಡ್ಡವಾಗಿ ಒಂದು ಗೋಣಿಚೀಲ, ಅದರ ಮೇಲೆ ಸುಣ್ಣದ ಜೊತೆ ಕಲಸಿ ಹರಡಿದ ಬ್ಲೀಚಿಂಗ್ ಪೌಡರು. ಅದನ್ನು ತುಳಿಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಆ ಘಾಟು, ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಹುಳದ ಹಿಕ್ಕೆಯ ವಾಸನೆ ಎಲ್ಲ ಸೇರಿ ಅವ್ವ ಸೋಮಮ್ಮನ ಸೆರಗಿಗೆ ಅಂಟಿಕೊಂಡಿರುತ್ತಿತ್ತು. ಆ ಸೆರಗಿಗೆ ಮುಖ ಒರೆಸಿಕೊಂಡೇ ಅವನು ಬೆಳೆದದ್ದು.

ಬೆಳೆದದ್ದೂ ಅಂತಿಂಥ ಬೆಳವಣಿಗೆಯಲ್ಲ. ಭಾರತೀನಗರದಲ್ಲಿ ಕಾಲೇಜು ಓದುವಾಗಲೇ ಬಸ್ಸಿನ ಬಾಗಿಲಲ್ಲಿ ಓರೆಯಾಗಿ ನುಗ್ಗಬೇಕಾಗುತ್ತಿತ್ತು. ಕೊನೆಗೆ ಆ ಮೈಯೇ ಅವನಿಗೆ ಬೆಂಗಳೂರಿನಲ್ಲಿ ಅನ್ನ ಕೊಟ್ಟಿತು. ದೊಡ್ಡ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿದ್ದ ನೈಟ್‌ಕ್ಲಬ್ಬಿಗೆ ಅವನು ಬೌನ್ಸರ್. ಕರಿ ಟೀ ಶರ್ಟು, ಕಿವಿಯೊಳಗೊಂದು ವೈರು. ಮುಖದಲ್ಲಿ ನಗು ಕಾಣಬಾರದು. ಬಂದವರ ಜೇಬು ತಡವಬೇಕು, ಮಣಿಕಟ್ಟಿಗೆ ಮುದ್ರೆ ಒತ್ತಬೇಕು, ಆಗಲೇ ಕುಡಿದು ಬಂದವರನ್ನು ಮೂಗಿನಿಂದಲೇ ಪತ್ತೆ ಹಚ್ಚಬೇಕು. ಜಗಳ ಎದ್ದರೆ ನಡುವೆ ಗೋಡೆಯ ಹಾಗೆ ನಿಲ್ಲಬೇಕು, ಕೈ ಮಾತ್ರ ಎತ್ತಬಾರದು. ಇಷ್ಟೂ ಅವನಿಗೆ ಚೆನ್ನಾಗಿ ಬರುತ್ತಿತ್ತು. ಒಬ್ಬಂಟಿ ಹೆಣ್ಣುಮಗಳು ಹೊರಗೆ ಬಂದರೆ ಅವಳ ಕಾರು ಬರುವ ತನಕ ಸ್ವಲ್ಪ ದೂರದಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತಲೆ ಕೆಟ್ಟದ್ದು ಚಪ್ಪಲಿಯ ವಿಷಯದಲ್ಲಿ. ಚಪ್ಪಲಿ ಹಾಕಿಕೊಂಡವರಿಗೆ ಒಳಗೆ ಪ್ರವೇಶವಿಲ್ಲ ಎಂದು ಬಾಗಿಲಲ್ಲೇ ಬರೆದಿತ್ತು. ಒಂದು ಶನಿವಾರ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಂದವನೊಬ್ಬನನ್ನು ಅವನು ತಡೆದ. ನೋಡಿದರೆ ಆತ ಮಾಲೀಕರ ನೆಂಟ. "ಮುಖ ನೋಡಿದ್ರೆ ಗೊತ್ತಾಗಲ್ವೇನ್ರೀ?" ಎಂದು ಮ್ಯಾನೇಜರು ರೇಗಿದರು. ಮಾರನೆಯ ದಿನ ಇನ್ನೊಬ್ಬ ಚಪ್ಪಲಿಯವನು ಬಂದ. ಮುಖವೇನೋ ದೊಡ್ಡವರ ಮನೆಯದೇ ಎಂದು ತೋರಿತು, ಬಿಟ್ಟ. "ಬೋರ್ಡು ಓದಕ್ಕೆ ಬರಲ್ವಾ ನಿಮಗೆ?" ಎಂದು ಅದೇ ಮ್ಯಾನೇಜರು ಮತ್ತೆ ರೇಗಿ, ವಾರದ ಮಟ್ಟಿಗೆ ಊರಿಗೆ ಹೋಗಿ ತಲೆ ಸರಿ ಮಾಡಿಕೊಂಡು ಬಾ ಎಂದು ಕಳಿಸಿದರು. ಮದ್ದೂರಿನಲ್ಲಿ ಇಳಿದು ಮಳವಳ್ಳಿ ಬಸ್ಸು ಹತ್ತಿದವನು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದ. ತಡೆದದ್ದು ತಪ್ಪಾದರೆ ಬಿಟ್ಟದ್ದು ಸರಿಯಾಗಬೇಕಲ್ಲ? ಭಾರತೀನಗರದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡಾಗಲೂ ಲೆಕ್ಕ ಹೊಂದಲಿಲ್ಲ.

ಊರಿನಲ್ಲಿ ಅವ್ವ ಹಿತ್ತಲಿನಲ್ಲಿ ಹೊಸ ಹುಳದ ಮನೆ ಕಟ್ಟಿಸಿದ್ದಳು. ಶೀಟಿನ ಮಾಡು, ಕಿಟಕಿಗೆ ಬಲೆ, ಒಳಗೆ ಎರಡು ಸಾಲು ಅಟ್ಟಣಿಗೆ, ಬಾಗಿಲಿಗೆ ಅದೇ ಪುಡಿ ಹರಡಿದ ಗೋಣಿಚೀಲ. ಅದರಲ್ಲಿ ಇದೇ ಮೊದಲ ಬೆಳೆ. ಹುಳ ನಾಲ್ಕನೆಯ ಜ್ವರ ಎದ್ದಿದ್ದವು, ಅಂದರೆ ಕೊನೆಯ ಪೊರೆ ಕಳಚಿ ಹಗಲೂ ರಾತ್ರಿ ಮೇಯುವ ಹೊತ್ತು. ಇನ್ನು ಕೆಲವೇ ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕು. "ಈ ಬೆಳೆ ಒಂದು ಕೈಗೆ ಬರ್ಲಿ, ಇನ್ಮ್ಯಾಕೆ ಯಾರ ಗದ್ದೆಗೂ ಕಳೆ ಕೀಳಕ್ಕೆ ಓಗಕಿಲ್ಲ" ಎಂದು ಸೋಮಮ್ಮ ಊರಿಗೆಲ್ಲ ಹೇಳಿದ್ದಳು. ಹೇಳಿದ ಮೇಲೆ ಅದೊಂದು ಮರ್ಯಾದೆಯ ಮಾತೂ ಆಗಿಬಿಟ್ಟಿತ್ತು.

ಅಂಬರೀಶ ನೇರ ಹಿತ್ತಲಿಗೇ ಬಂದ. ಅವ್ವ ಒಳಗಿನಿಂದಲೇ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಲ್ಲು. ಏನ್ಲಾ ಅದು ವಾಸ್ನೆ, ಸೆಂಟಾ?"

"ಒಸಿ ಒಡ್ಕೊಂಡಿದ್ದೆ ಕಣವ್ವ, ಬಸ್ಸಲ್ಲಿ ಬೆವರು ಅಂತ."

"ನಿನ್ ಬೆವರಿಗೆ ನನ್ ಹುಳ ಸಾಯಕಿಲ್ಲ, ಸೆಂಟಿಗೆ ಸಾಯ್ತವೆ. ಓಗಿ ನೀರು ಉಯ್ಕೊಂಡು ಬಾ. ಆಮ್ಯಾಕೆ ಮಾತು."

ಬಾಗಿಲಲ್ಲಿ ತಡೆಸಿಕೊಂಡವರ ಮುಖ ಹೇಗಾಗುತ್ತದೆ ಎಂಬುದು ಅಂಬರೀಶನಿಗೆ ಗೊತ್ತಿತ್ತು. ದಿನಾ ನೋಡುತ್ತಿದ್ದನಲ್ಲ. ತನ್ನ ಮುಖ ಹಾಗಾಗಲಿಲ್ಲ. ನಗುವೇ ಬಂತು. ಯಾಕೆ ಎಂದು ಮಾತ್ರ ತಿಳಿಯಲಿಲ್ಲ.

ಮೈ ತೊಳೆದುಕೊಂಡು, ಅಪ್ಪ ಕೆಂಪಸಿದ್ದಯ್ಯನ ಹಳೆಯ ಪಂಚೆ ಉಟ್ಟುಕೊಂಡು ಬಂದ ಮೇಲೆ ಅವ್ವ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಸೊಪ್ಪು ತರಲು ಹೊರಟಳು. "ಬೆಂಗ್ಳೂರಾಗೆ ಅದೇನ್ ಕಾಯ್ತಿಯೋ ನಂಗೊತ್ತಿಲ್ಲ. ಇಲ್ಲಿ ಯಾರ್ನೂ ಬುಡಬ್ಯಾಡ, ನಿಮ್ಮಪ್ಪನ್ನೂವೆ."

"ಯಾರೇ ಬಂದ್ರೂ?"

"ದ್ಯಾವ್ರೇ ಬಂದ್ರೂ ಕಾಲು ತೊಳ್ಕೊಂಡು ಬರ್ಲಿ."

ಈ ಮಾತು ಅವನಿಗೆ ಹಿಡಿಸಿತು. ಎಂಥ ಸಲೀಸಾದ ನಿಯಮ! ಯಾರ ಮುಖವನ್ನೂ ನೋಡಬೇಕಿಲ್ಲ.

ಅವಳು ಹೋಗಿ ಸ್ವಲ್ಪ ಹೊತ್ತಿಗೆ ಚಲುವರಾಜು ಬಂದ. ಊರಿನ ದೊಡ್ಡ ಒಕ್ಕಲು ಮನೆಯವನು. ಕೆಂಪಸಿದ್ದಯ್ಯನ ಮನೆಯವರು ಮೂರು ತಲೆಮಾರಿನಿಂದ ದುಡಿದದ್ದು ಅವರ ಹೊಲದಲ್ಲೇ. ಆ ಮನೆಯವರು ಏನಾದರೂ ಬೇಕಾದರೆ ಬೀದಿಯಲ್ಲಿ ನಿಂತು ಕೂಗುತ್ತಿದ್ದರೇ ಹೊರತು ಇವರ ಹೊಸ್ತಿಲು ದಾಟಿದವರಲ್ಲ. ಇವತ್ತು ಚಲುವರಾಜು ಬೀದಿಯಲ್ಲಿ ನಿಲ್ಲದೆ ಅಂಗಳ ಹಾದು, ಪಡಸಾಲೆ ಹಾದು, ಹಿತ್ತಲಿಗೇ ಬಂದುಬಿಟ್ಟಿದ್ದ. ಹಿಂದೆಯೇ ಕೆಂಪಸಿದ್ದಯ್ಯ ಟವೆಲ್ಲಿನಿಂದ ಇಲ್ಲದ ಧೂಳು ಒರೆಸುತ್ತ ಓಡಿ ಬರುತ್ತಿದ್ದ.

"ಏನ್ಲಾ ಅಂಬರೀಶ, ಆನೆಮರಿ ಆಗಿದ್ದೀಯಲ್ಲೋ! ಬೆಂಗ್ಳೂರಾಗೆ ಕುಡುಕರ್ನ ಎತ್ತಿ ಎತ್ತಿ ಬಿಸಾಕ್ತೀಯಂತೆ?"

"ಬಿಸಾಕಂಗಿಲ್ಲ ಗೌಡ್ರೇ, ಕೈ ಮುಗಿದು ಕಳಿಸ್ಬೇಕು."

"ಹಂಗಾರೆ ನನ್ ಮಗ ಸ್ವಾಮಿಗೆ ಹೇಳಿ ಮಾಡಿಸಿದ್ ಕೆಲ್ಸ. ಅವ್ನು ಕೈ ಮುಗಿಯೋದು ಬುಟ್ಟು ಏನೂ ಮಾಡಕಿಲ್ಲ. ಅವನ್ಗೂ ಅಲ್ಲೇ ಒಂದು ದಾರಿ ನೋಡಪ್ಪ." ಹೀಗೆ ಹೇಳುತ್ತ ಚಲುವರಾಜು ಹುಳದ ಮನೆಯತ್ತ ಹೆಜ್ಜೆ ಹಾಕಿದ. "ಸೋಮಮ್ಮ ಬೋ ಚೆನ್ನಾಗಿ ಬೆಳ್ಸವ್ಳಂತೆ ಹುಳವ. ತೋರ್ಸು. ನಾನೇನು ಹಳೇ ಕಾಲ್ದೋನಲ್ಲ, ನಂಗೆ ಭೇದ ಇಲ್ಲ ಕಣಪ್ಪ."

ಅವನ ಅಂಗಿಯಿಂದ ಔಷಧಿಯ ವಾಸನೆ ಗಪ್ಪನೆ ಬಂತು. ಟೊಮೆಟೊ ತೋಟಕ್ಕೆ ಹುಳುವಿನ ಔಷಧಿ ಹೊಡೆಸಿ ನೇರ ಬಂದಿದ್ದ. ಅಂಬರೀಶನ ಮೂಗು ಅದನ್ನು ಹಿಡಿಯಿತು, ಬಾಯಿ "ಗೌಡ್ರೇ" ಎಂದಿತು. ಅಷ್ಟರಲ್ಲಿ ಅಪ್ಪ ಹಿಂದಿನಿಂದ, "ಬನ್ನಿ ಗೌಡ್ರೇ, ಒಳೀಕ್ ಬನ್ನಿ, ನಮ್ಮಪ್ಪ ಇದ್ದಿದ್ರೆ ನೋಡಿ ಎಷ್ಟು ಕುಸಿ ಪಡ್ತಿದ್ನೋ" ಎಂದ. ಅಂಬರೀಶನ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು. ಬೆಂಗಳೂರಿನಲ್ಲಿ ಎಂತೆಂಥವರ ಮಕ್ಕಳನ್ನೋ ತಡೆದು ನಿಲ್ಲಿಸಿದ್ದ ಎದೆ ಬಾಗಿಲಿನಷ್ಟೇ ಅಗಲವಾಗಿ ದಾರಿ ಬಿಟ್ಟಿತು.

ಚಲುವರಾಜು ಮೆಟ್ಟು ಹೊರಗೆ ಬಿಟ್ಟ, ಅಷ್ಟು ಮಟ್ಟಿಗೆ ಮರ್ಯಾದೆಯವನೇ. ಗೋಣಿಚೀಲವನ್ನು ಕಾಣದೆ ದಾಟಿದ. ಮುಂದಿನ ಸಾಲಿನ ಹುಳವೊಂದನ್ನು ಅಂಗೈಯಲ್ಲಿ ಎತ್ತಿಕೊಂಡು, "ಬೆಣ್ಣೆ ಇದ್ದಂಗವೆ ಕಣ್ಲಾ" ಎಂದು ಮಗುವಿನಂತೆ ನಕ್ಕು, ಮತ್ತೆ ಮೆಲ್ಲಗೆ ಸೊಪ್ಪಿನ ಮೇಲೆ ಬಿಟ್ಟ. ತಾನೇ ಎರಡು ಕಡ್ಡಿ ಸೊಪ್ಪು ಎತ್ತಿ ಹಾಕಿದ. ಹೋಗುವಾಗ ಕೆಂಪಸಿದ್ದಯ್ಯನ ಹೆಗಲ ಮೇಲೆ ಕೈಯಿಟ್ಟ. ಆ ಕೈಯಿಟ್ಟ ಜಾಗವನ್ನು ಅಪ್ಪ ಬಹಳ ಹೊತ್ತು ತಾನೂ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಸೊಪ್ಪಿನ ಹೊರೆಯೊಂದಿಗೆ ಬಂದ ಸೋಮಮ್ಮ ಬಾಗಿಲಲ್ಲೇ ನಿಂತಳು. ಮೂಗು ಅರಳಿಸಿದಳು. "ಯಾರ್ಲಾ ಬಂದಿದ್ದೋರು?"

ಕೆಂಪಸಿದ್ದಯ್ಯ ಹೆಮ್ಮೆಯಿಂದಲೇ ಹೆಸರು ಹೇಳಿದ. ತಗಡಿನ ಮೇಲೆ ಮರಳು ಸುರಿದ ಹಾಗೆ ಒಳಗೆ ಕೇಳುತ್ತಿದ್ದ ಮೇಯುವ ಸದ್ದು ಮುಂದಿನ ಸಾಲಿನಲ್ಲಿ ಆಗಲೇ ನಿಂತಿತ್ತು. ಸಂಜೆಯ ವೇಳೆಗೆ ಆ ಸಾಲಿನ ಹುಳ ತಲೆ ಎತ್ತಿ ಒದ್ದಾಡುತ್ತ ಹಸಿರು ನೀರು ಕಕ್ಕತೊಡಗಿದವು. ಸೋಮಮ್ಮ ನಡುವೆ ಸೀರೆಯೊಂದನ್ನು ಪರದೆ ಕಟ್ಟಿ, ಹಿಂದಿನ ಸಾಲಿಗೆ ಹೊಸ ಸೊಪ್ಪು ಹಾಕಿ, ಕೈ ತೊಳೆದು ತೊಳೆದು ಮತ್ತೆ ಮುಟ್ಟುತ್ತಿದ್ದಳು.

"ನನ್ನಿಂದ ತಪ್ಪಾಯ್ತು ಕಣವ್ವ. ವಾಸ್ನೆ ಗೊತ್ತಾಯ್ತು. ಆದ್ರೂ ನಿಲ್ಲಿ ಅನ್ನಕ್ಕೆ ಆಗ್ನಿಲ್ಲ."

ಕೆಂಪಸಿದ್ದಯ್ಯ ಮೂಲೆಯಿಂದ ಸಿಡುಕಿದ. "ಇಷ್ಟು ಕಾಲ ಬರ್ನಿಲ್ಲ. ಬಂದ್ ದಿವ್ಸವೇ ನಿಲ್ಲು ಅನ್ನಾದಾ? ಹುಳ ಓದ್ರೆ ಇನ್ನೊಂದ್ ಬೆಳೆ ಬತ್ತದೆ."

"ಹೂ, ಬತ್ತದೆ. ಅಲ್ಲಿಗಂಟ ಅವರ ಗದ್ದೇಲಿ ಬಗ್ಗೋಳು ನೀನಾ, ನಾನಾ?" ಎಂದಳು ಸೋಮಮ್ಮ. ಆಮೇಲೆ ಮಗನ ಕಡೆ ತಿರುಗಿ ದನಿ ಇಳಿಸಿದಳು. "ನಾನೇ ಇದ್ದಿದ್ರೂ ಏನ್ ಮಾಡ್ತಿದ್ನೋ ಕಾಣೆ ಕಣ್ಲಾ ಮಗ. ಒಂದು ತುತ್ತು ಉಂಡು ಮನಿಕೊ."

ಬೈದಿದ್ದರೆ ಚೆನ್ನಾಗಿತ್ತು. ಅವ್ವನಿಗೂ ಉತ್ತರ ಗೊತ್ತಿಲ್ಲವೆಂದರೆ ಇನ್ನಾರನ್ನು ಕೇಳುವುದು? ಬಂದವನು ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ. ಕರೆದವನು ಸಂತೋಷದಿಂದಲೇ ಕರೆದಿದ್ದ. ಹುಳ ಸತ್ತದ್ದೂ ನಿಜ.

ಬೆಳಗ್ಗೆ ಸತ್ತ ಹುಳವನ್ನೆಲ್ಲ ಮಂಕರಿಗೆ ತುಂಬಿಕೊಂಡು ಅಂಬರೀಶ ಬದುವಿನಾಚೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುತ್ತಿದ್ದ. ಪಕ್ಕದ ಹೊಲದಲ್ಲಿ ಹುಲ್ಲು ಕೊಯ್ಯುತ್ತಿದ್ದ ಸಣ್ಣತಾಯಮ್ಮ, ಚಲುವರಾಜುವಿನ ತಾಯಿ, ಸೊಂಟಕ್ಕೆ ಕೈಕೊಟ್ಟು ಎದ್ದು ನಿಂತಳು. ಅವಳೂ ಒಂದು ಕಾಲಕ್ಕೆ ಹುಳ ಸಾಕಿದವಳೇ.

"ಏನ್ ಮಗ, ಹುಳವಾ?"

"ಊ ಕಣಮ್ಮ."

"ಹಸ್ರು ಕಕ್ಕಿದ್ವಾ?"

"ಊ."

ಮುದುಕಿ ಬದುವಿನ ಹತ್ತಿರ ಬಂದು ಗುಂಡಿಗೆ ಬಗ್ಗಿ ನೋಡಿದಳು. "ನೆನ್ನೆ ನಮ್ ಚಲುವ ಔಷ್ದಿ ಒಡ್ಸಿ ನಿಮ್ಮಟ್ಟಿ ಕಡೀಕೆ ಬಂದಿದ್ನಲ್ವಾ? ಒಳೀಕೇನಾದ್ರೂ ಬಂದ್ನಾ?"

ಹೌದೆಂದರೆ ಅವಳ ಮಗನ ಮೇಲೆ ದೂರು. ಇಲ್ಲವೆಂದರೆ ಸುಳ್ಳು. ಅಂಬರೀಶ ಗುದ್ದಲಿಯನ್ನು ಕೈ ಬದಲಾಯಿಸಿ ಹಿಡಿದ. ಅವಳಿಗೆ ಅಷ್ಟೇ ಸಾಕಾಯಿತು. ಅರ್ಧ ಕೊಯ್ದ ಹುಲ್ಲನ್ನು ಅಲ್ಲೇ ಬಿಟ್ಟು ಮನೆಯ ದಾರಿ ಹಿಡಿದಳು.

ಅವನು ಹಿಂತಿರುಗುವಾಗ ಮ್ಯಾನೇಜರ ಫೋನು. ಶನಿವಾರ ಜನ ಜಾಸ್ತಿ, ಬಂದುಬಿಡು ಎಂದರು.

"ಸಾರ್, ಚಪ್ಪಲಿ ಹಾಕ್ಕೊಂಡು ಬಂದ್ರೆ ಬಿಡಬೇಕಾ, ಬಿಡಬಾರದಾ?"

"ನೋಡ್ಕೊಂಡು ಬಿಡಪ್ಪ" ಎಂದು ಫೋನಿಟ್ಟರು.

ಹಿಂದಿನ ಸಾಲು ಇನ್ನೂ ಮೇಯುತ್ತಿತ್ತು. ಸದ್ದು ತೆಳುವಾಗಿತ್ತು, ಆದರೂ ಇತ್ತು. ಅಷ್ಟಾದರೂ ಉಳಿದರೆ ಅವ್ವ ಆಡಿದ ಮಾತು ಉಳಿಯುತ್ತದೆ. ಸೋಮಮ್ಮ ಹುಳದ ಮುಂದಿನಿಂದ ಏಳಲೇ ಇಲ್ಲ, ಒಲೆ ಹೊತ್ತಲಿಲ್ಲ. ಅಂಬರೀಶ ಗೋಣಿಚೀಲಕ್ಕೆ ಹೊಸದಾಗಿ ಪುಡಿ ಹರಡಿ ಬಾಗಿಲಿಗೆ ಅಡ್ಡ ನಿಂತ. ಈ ಸಲ ಗಾಳಿಯನ್ನೂ ಕೇಳಿಯೇ ಬಿಡುವವನ ಹಾಗೆ.

ಬಿಸಿಲು ನೆತ್ತಿಗೆ ಬಂದಾಗ ಹಿತ್ತಲ ಬೇಲಿಯ ಕಡೆಯಿಂದ ಸಣ್ಣತಾಯಮ್ಮ ಬಂದಳು. ತಲೆಗೂದಲು ಇನ್ನೂ ಒದ್ದೆಯಿತ್ತು, ಮಡಿಕೆ ಬಿಡದ ಒಗೆದ ಸೀರೆ. ಕೈಯಲ್ಲಿ ಸ್ಟೀಲಿನ ಊಟದ ಕ್ಯಾರಿಯರು. ಹಿಂದೆ ಆ ಮನೆಯಿಂದ ಊಟ ಬಂದರೆ ಇವರ ಪಾತ್ರೆಗೆ ಮೇಲಿನಿಂದ ಸುರಿಯುತ್ತಿದ್ದರು. ಅವರ ಪಾತ್ರೆ ಈ ಮನೆಗೆ ಬಂದದ್ದನ್ನು ಅವನು ಕಂಡಿರಲಿಲ್ಲ.

ನಿಲ್ಲಿ ಅಮ್ಮ ಎನ್ನಬೇಕು. ಅಂಬರೀಶ ಬಾಯಿ ತೆರೆದ. ಅವನು ಹೇಳುವ ಮೊದಲೇ ಅವಳು ಗೋಣಿಚೀಲದಿಂದ ಒಂದು ಮಾರು ದೂರದಲ್ಲಿ ನಿಂತುಬಿಟ್ಟಿದ್ದಳು. ಹುಳಕ್ಕಾಗಿ ನಿಂತಳೋ, ಹಳೆಯ ರೂಢಿಗಾಗಿ ನಿಂತಳೋ? ಹುಳಕ್ಕಾಗಿಯಾದರೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅವಳ ಮುಖವನ್ನು ನೋಡಿದ. ಮುಖ ಓದುವುದೇ ಕಸುಬಾಗಿದ್ದವನಿಗೆ ಅದರಲ್ಲಿ ಬೆವರು ಬಿಟ್ಟು ಬೇರೇನೂ ಕಾಣಲಿಲ್ಲ.

ಒಳಗೆ ಬಗ್ಗಿ ಸೊಪ್ಪು ಹರಡುತ್ತಿದ್ದ ಸೋಮಮ್ಮನ ಬೆನ್ನನ್ನು ಅವಳು ಒಮ್ಮೆ ನೋಡಿದಳು. ಕ್ಯಾರಿಯರನ್ನು ಸೆರಗಿನಿಂದ ಒರೆಸಿ, ತೋಳನ್ನು ಆದಷ್ಟು ಮುಂದೆ ಚಾಚಿದಳು. ಅಂಬರೀಶ ಬಾಗಿಲಿನಿಂದ ಕದಲದೆ, ತಾನೂ ಬಗ್ಗಿ, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. ಇನ್ನೂ ಬಿಸಿಯಿತ್ತು.